ಪಣಕ್ಕಿಟ್ಟ ಮೀಸೆ

ಬಾಳಾಸಾಬ ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳಿದ. ಎಪ್ಪತ್ತು ದಾಟಿದ ಬೆನ್ನು ಕಟಕ್ಕೆಂದಿತು. ಶಿರಗುಪ್ಪಿಯ ಈ ಕ್ಷೌರದಂಗಡಿಗೆ ಅವನು ಕಳ್ಳನ ಹಾಗೆ ಬಂದದ್ದು ಇದೇ ಮೊದಲು. ಅಂಗಡಿಯ ಯಜಮಾನ ಮೈಬೂಬ ನಸುಕಿನಲ್ಲಿ ತೀರಿಕೊಂಡಿದ್ದ. ಹಿಂದಿನ ಓಣಿಯ ಮನೆಯಲ್ಲಿ ಕೊನೆಯ ಸ್ನಾನಕ್ಕೆ ನೀರು ಕಾಯುತ್ತಿತ್ತು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು. ಅಷ್ಟರೊಳಗೆ ಬಾಳಾಸಾಬನ ಮೀಸೆ ಹೋಗಬೇಕಿತ್ತು.

ಅದೇನು ಅಂಥಿಂಥ ಮೀಸೆಯಲ್ಲ. ಮಿಲಿಟರಿಗೆ ಸೇರಿದ ವರ್ಷ ಬಿಟ್ಟದ್ದು, ಪೆನ್ಶನ್ ಬಂದರೂ ಇಳಿಯಲಿಲ್ಲ. ಅಪ್ಪನೋ ಅಣ್ಣನೋ ಸತ್ತರೆ ಗಂಡಸರು ಮೀಸೆ ತೆಗೆಸುವುದು ಅವರ ಮನೆತನದ ರೂಢಿ. ಆದರೆ ಅಪ್ಪ ಸತ್ತಾಗ ಬಾಳಾಸಾಬ ಗಡಿಯಲ್ಲಿದ್ದ. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಕಾರ್ಯ ಮುಗಿದುಹೋಗಿತ್ತು. ಅಣ್ಣಂದಿರು ಅವನಿಗೆ ಇರಲಿಲ್ಲ. ಹೀಗೆ ಉಳಿದುಬಂದ ಮೀಸೆಗೆ ಕತ್ತರಿ ತಾಗಿಸುವ ಅಧಿಕಾರ ಮೈಬೂಬನೊಬ್ಬನದೇ. ಮಗ ಜಾವೇದ ಕಸುಬು ಕಲಿತು ಅಂಗಡಿ ನಡೆಸತೊಡಗಿದ ಮೇಲೂ, ಬಾಳಾಸಾಬ ಬಂದು ಕೂತನೆಂದರೆ ಮುದುಕ ಬೆಂಚಿನಿಂದ ಎದ್ದು ಬಂದು ಮಗನನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಈಗ ಬಾಳಾಸಾಬ ಕನ್ನಡಿಯೆದುರು ತಾನೇ ಸಾಬೂನಿನ ನೊರೆ ಹಚ್ಚಿಕೊಂಡ. ಡ್ರಾವರಿನಿಂದ ಮೈಬೂಬನ ಕತ್ತಿ ತೆಗೆದ. ಕೈ ಒಂದೇ ಸಮನೆ ನಡುಗಿತು. ಹಾಳಾದ ಕೈ, ಬಂದೂಕು ಹಿಡಿದ ಕೈ!

*

ರಶಿಯಾದ ದಂಡು ಉಕ್ರೇನಿಗೆ ನುಗ್ಗಿದ ವಾರ ಈ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಗೋಡೆಯ ಟಿ.ವಿ. ಒಂದು ಹೇಳಿದರೆ ಬಾಳಾಸಾಬ ಹತ್ತು ಹೇಳುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಅವನು ರಶಿಯಾದ ಟ್ಯಾಂಕುಗಳ ಹಿಂದೆ ನಡೆದವನು. ತನ್ನ ಕೊಟ್ಟಿಗೆಯ ಎತ್ತನ್ನು ಹೊಗಳುವ ಹಾಗೆ ಅವುಗಳನ್ನು ಹೊಗಳುತ್ತಿದ್ದ. ವಾರದೊಳಗೆ ರಾಜಧಾನಿ ಬಿದ್ದೇ ಬೀಳುತ್ತದೆ ಎಂದು ಸಾರಿದ. ಮೀಸೆಯ ಅಂಚು ಸರಿಪಡಿಸುತ್ತಿದ್ದ ಮೈಬೂಬ ಕತ್ತರಿ ನಿಲ್ಲಿಸಿದ.

"ಇವರು ತಿರುಗಿ ಹೋಗತಾರ, ಫೌಜಿ. ಯಾಕಂದ್ರ, ನೀನ ಹೇಳಿದ್ದಿಯಲ್ಲ, ಆ ರೊಟ್ಟಿ ಕತಿ."

ಎಷ್ಟೋ ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಾಗ ಹೇಳಿದ್ದು ಅದು. ಹೆಂಡತಿ ಲಗಮವ್ವನಿಗೂ ಹೇಳಿರಲಿಲ್ಲ. ಗಡಿ ದಾಟಿ ಅವರ ತುಕಡಿ ಒಂದು ಹಳ್ಳಿ ಹೊಕ್ಕಿತ್ತು. ಊರಲ್ಲಿ ನರಪಿಳ್ಳೆ ಇರಲಿಲ್ಲ. ಒಂದು ಮನೆಯಲ್ಲಿ ಮಾತ್ರ ಒಲೆ ಇನ್ನೂ ಉರಿಯುತ್ತಿತ್ತು. ಹಂಚಿನ ಮೇಲೆ ಒಂದು ರೊಟ್ಟಿ, ಒಂದೇ ಮಗ್ಗುಲು ಬೆಂದದ್ದು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಅದನ್ನು ಮುಟ್ಟಲು ಬಾಳಾಸಾಬನಿಗೆ ಕೈ ಬರಲಿಲ್ಲ. ಕೆಲವೇ ದಿನಗಳಲ್ಲಿ ಹಿಂದಕ್ಕೆ ಬರುವಂತೆ ಹುಕುಂ ಆಯಿತು. ಗೆಳೆಯರ ಹೆಣಗಳನ್ನೂ ಬಿಟ್ಟು ಬಂದರು.

"ಹಂಚಿನ ಮ್ಯಾಲ ರೊಟ್ಟಿ ಬಿಟ್ಟ ಹ್ವಾದವರು ಅದನ್ನ ತಿರುವಿ ಹಾಕಾಕರೆ ಬಂದ ಬರತಾರ," ಎಂದ ಮೈಬೂಬ. "ಮಂದಿ ಒಲಿ ಮುಂದ ನೀವು ಎಷ್ಟ ದಿನಾ ಕುಂಡ್ರತೀರಿ?"

ಗುಟ್ಟಿನ ಮಾತು ನಾಲ್ಕು ಮಂದಿಯೆದುರು ಬಂದದ್ದಕ್ಕೆ ಬಾಳಾಸಾಬನಿಗೆ ಸಿಟ್ಟು ನೆತ್ತಿಗೇರಿತು. "ರಶಿಯಾ ಹಿಂದ ಸರದ್ರ ಈ ಮೀಸಿ ನಿಂದಲೇ, ತಗೋ," ಎಂದುಬಿಟ್ಟ.

ಮುಂದೆ ಆದದ್ದು ಜಗತ್ತಿಗೇ ಗೊತ್ತು. ರಾಜಧಾನಿಯ ದಾರಿಯಲ್ಲಿ ದಂಡಿನ ಗಾಡಿಗಳು ಮೈಲಿಗಟ್ಟಲೆ ಸಾಲುಗಟ್ಟಿ ನಿಂತವು, ನಮ್ಮ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನಿಂತ ಹಾಗೆ. ಯುಗಾದಿಯ ಹೊತ್ತಿಗೆ ಅಲ್ಲಿಂದ ಹಿಂದೆ ಸರಿದವು. ಟಗರು ಹಿಂದೆ ಸರಿಯುವುದು ಗುದ್ದಲಿಕ್ಕೇ ಎಂದು ಬಾಳಾಸಾಬ ವಾದಿಸಿದ. ದಸರೆಯ ಹೊತ್ತಿಗೆ ಇನ್ನೊಂದು ಕಡೆಯೂ ಸರಿದವು. ಟಗರು ದೊಡ್ಡಿಗೇ ಹೋಗಿ ಮಲಗಿತಲ್ಲ ಎಂದು ಅಂಗಡಿಯ ಮಂದಿ ನಕ್ಕರು. ದೀಪಾವಳಿ ಕಳೆದ ಮೇಲೆ ನದಿದಂಡೆಯ ಒಂದು ಪಟ್ಟಣವನ್ನೂ ಬಿಟ್ಟು ರಶಿಯಾದವರು ಹೊಳೆ ದಾಟಿದರು. ಆ ಪಟ್ಟಣದ ಮಂದಿ ಬೀದಿಗೆ ಬಂದು ತಮ್ಮ ಸಿಪಾಯಿಗಳನ್ನು ತಬ್ಬಿಕೊಂಡು ಅಳುವುದನ್ನು ಟಿ.ವಿ.ಯಲ್ಲಿ ಕಂಡಾಗ ಬಾಳಾಸಾಬ ವಾದ ಮಾಡಲಿಲ್ಲ. ಬಂದು ಕುರ್ಚಿಯಲ್ಲಿ ಕೂತು, ತೆಗೆದುಬಿಡು ಎಂದ.

ಮೈಬೂಬ ನೊರೆ ಹಚ್ಚಿದ. ಕತ್ತಿ ಮಸೆದ. ತುಟಿಯವರೆಗೂ ತಂದ. ಆಮೇಲೆ ಎಂದಿನಂತೆ ಅಂಚನ್ನಷ್ಟೇ ಸರಿಪಡಿಸಿ, ಹೆಗಲ ವಲ್ಲಿಯಿಂದ ನೊರೆ ಒರೆಸಿ, ಯುದ್ಧ ಇನ್ನೂ ಮುಗಿದಿಲ್ಲ, ಮುಗಿಯಲಿ ಎಂದ. ಮೀಸೆ ಹೋದರೆ ದಿನಾ ಬೆಳಿಗ್ಗೆ ಜಗಳಕ್ಕೆ ಏನುಳಿಯುತ್ತದೆ? ಅದು ಇಬ್ಬರಿಗೂ ಗೊತ್ತಿತ್ತು. ಮರುದಿನದಿಂದ ಟಗರು ಮತ್ತೆ ಗುದ್ದಲು ಶುರುಮಾಡಿತು. ಎಂಥ ಸೊಗಸಿನ ಬೆಳಗುಗಳು ಅವು!

*

ಬಂದವರಿಗೆ ಕೂರಲು ಬೆಂಚು ಒಯ್ಯಬೇಕೆಂದು ಜಾವೇದ ಬಂದ. ಷಟರು ಅರ್ಧ ಎದ್ದಿರುವುದನ್ನು ಕಂಡು ಬಗ್ಗಿ ನೋಡಿದ. ನೊರೆ ಹಚ್ಚಿಕೊಂಡ ಮುದುಕ, ಕೈಯಲ್ಲಿ ಅಪ್ಪನ ಕತ್ತಿ.

"ನಿಮ್ಮಪ್ಪಗ ಕೊಟ್ಟ ಮಾತ ಐತಿ, ತಮ್ಮಾ," ಎಂದ ಬಾಳಾಸಾಬ. "ಮಣ್ಣ ಕೊಡೂದರಾಗ ತೀರಬೇಕು. ಕೈ ಕೇಳವಲ್ತು. ನೀನ ತಗಿ."

ಜಾವೇದ ಬಾಗಿಲಲ್ಲೇ ನಿಂತ. ಅಪ್ಪ ಚೇಷ್ಟೆ ಮಾಡುತ್ತಿದ್ದ, ಅವನಿಗೇನೂ ಮೀಸೆ ಬೇಕಿರಲಿಲ್ಲ ಎಂದು ಸಮಾಧಾನ ಹೇಳಿದ. ಬಾಳಾಸಾಬ ಕತ್ತಿಯನ್ನು ಚಾಚಿಯೇ ಇದ್ದ.

"ಯುದ್ಧ ಇನ್ನೂ ಮುಗದಿಲ್ಲಲ್ರೀ, ಕಾಕಾ."

"ಅವಂದ ಮುಗೀತಲ್ಲೋ."

ಜಾವೇದ ಒಳಗೆ ಬಂದು ಕೈ ತೊಳೆದುಕೊಂಡ. ಬಾಳಾಸಾಬನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ. ಅಪ್ಪ ಹಿಡಿಯುತ್ತಿದ್ದುದೂ ಹಾಗೆಯೇ. ಬಾಳಾಸಾಬ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದಲೇ ನೀರಿಳಿಯಿತು.

ಮನೆಯ ಬಾಗಿಲಲ್ಲಿ ಮೈಬೂಬನ ಹೆಂಡತಿ ಕುಲಸುಂಬಿ ಕೂತಿದ್ದಳು. ನಸುಕಿನಿಂದ ಕಲ್ಲಾಗಿದ್ದಳು, ಒಂದು ಹನಿ ಕಣ್ಣೀರಿರಲಿಲ್ಲ. ಬಾಳಾಸಾಬನ ಬೋಳು ತುಟಿ ಕಂಡು ಗಕ್ಕನೆ ಅವಳಿಗೆ ನಗು ಬಂತು.

"ಗೆದ್ದ ಹ್ವಾದಾ ನೋಡ್ರಿ, ಅಣ್ಣಾ," ಎಂದಳು. ಆಮೇಲೆ ಸೆರಗು ಬಾಯಿಗೊತ್ತಿ ಅಳತೊಡಗಿದಳು.

ಜನಾಜಾ ಎದ್ದಾಗ ಬಾಳಾಸಾಬ ಮುಂದಿನ ಕಡೆ ಹೆಗಲು ಕೊಟ್ಟ. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರು ಹಾಡು ನಿಲ್ಲಿಸಿ ಪಕ್ಕಕ್ಕೆ ನಿಂತಿತು. ತುಟಿಯ ಮೇಲೆ ಗಾಳಿ ತಣ್ಣಗೆ ತಾಗುತ್ತಿತ್ತು. ಹದಿನೆಂಟರ ಹುಡುಗನಾಗಿದ್ದಾಗಿನಿಂದ ಆ ಜಾಗಕ್ಕೆ ಗಾಳಿ ತಾಗಿರಲಿಲ್ಲ. ಕಬರಸ್ಥಾನದಲ್ಲಿ ಎಲ್ಲರೊಂದಿಗೆ ಅವನೂ ಮೂರು ಹಿಡಿ ಮಣ್ಣು ಹಾಕಿದ. ಈ ಸಲ ಗೆಳೆಯನನ್ನು ಬಯಲಲ್ಲಿ ಬಿಟ್ಟು ಬರಲಿಲ್ಲ ಎಂಬುದೊಂದೇ ಸಮಾಧಾನ.

ಮನೆಗೆ ಬಂದಾಗ ಲಗಮವ್ವ ಒಲೆಯ ಮುಂದಿದ್ದಳು. ಮಣ್ಣಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಕುಲಸುಂಬಿಯ ಮನೆಗೆ ಕಳಿಸಲೆಂದು ರೊಟ್ಟಿ ಬಡಿಯುತ್ತಿದ್ದಳು. ನೆರೆಮನೆಯ ಅನುಸೂಯಾ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಹೊಸ್ತಿಲಾಚೆ ನಿಂತ ಗಂಡನನ್ನು ಲಗಮವ್ವ ತಲೆಯೆತ್ತಿ ನೋಡಿದಳು. ಮದುವೆಯಾದಾಗಿನಿಂದ ಕಾಣದ ಮುಖ. ಪಣದ ಸಂಗತಿ ಊರಿಗೆಲ್ಲ ಗೊತ್ತಿದ್ದಂತೆ ಅವಳಿಗೂ ಗೊತ್ತಿತ್ತು. ಆದರೂ ಅವಳ ನೆನಪಿಗೆ ಬಂದದ್ದು ಮನೆತನದ ರೂಢಿ. ಉರಿಯುವ ಕಟ್ಟಿಗೆಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಚಿಮುಕಿಸಿದಳು.

"ಅನುಸೂಯಾ, ಎರಡೂ ಮನೀಗಿ ನೀನ ಬಡದ ತಾರವ್ವಾ," ಎಂದಳು.

ಬಾಳಾಸಾಬ ಹೊಸ್ತಿಲಾಚೆಯೇ ನಿಂತು ನೋಡಿದ. ಒಲೆ ಆರಿತು. ಹಂಚಿನ ಮೇಲೆ ಒಂದು ರೊಟ್ಟಿ, ಒಂದೇ ಮಗ್ಗುಲು ಬೆಂದು, ಹಾಗೆಯೇ ಉಳಿದಿತ್ತು.