ಹಂಡೆಕಳ್ಳರಹಟ್ಟಿಯ ಹಂಡೆ

ನಾನು ಒಂದು ತಾಮ್ರದ ಹಂಡೆ. ನಯವಾಗಿ ಮಾತಾಡುವುದು ನನಗೆ ಬಾರದು. ಹುಟ್ಟುವಾಗಲೇ ಸಾವಿರಾರು ಸುತ್ತಿಗೆ ಏಟು ತಿಂದಿದ್ದೇನೆ. ಚಿತ್ರದುರ್ಗದ ಕಡೆಯ ಒಬ್ಬ ಮುದುಕ ತಗಡು ಬಡಿದು ಬಡಿದು ನನಗೆ ಹೊಟ್ಟೆ ಬರಿಸಿದ, ಎರಡೂ ಕಡೆ ಹಿಡಿಯಲು ಬಳೆ ಹಾಕಿದ. ಒಂದೂವರೆ ಮೂಟೆ ರಾಗಿ ಹಿಡಿಯುವ ಹೊಟ್ಟೆ ನನ್ನದು.

ನನ್ನನ್ನು ಮಾಡಿಸಿದವರು ಮಾಳೇನಹಳ್ಳಿಯ ಪಟೇಲ ನಾಗಭೂಷಣಪ್ಪ. ಅವರ ಬಚ್ಚಲಲ್ಲಿ ನಾನು ಸುಖವಾಗಿದ್ದೆ. ಕೆಳಗೆ ಬೆಂಕಿ, ಒಳಗೆ ನೀರು, ಪಕ್ಕದಲ್ಲಿ ಮನೆಯವರ ಜಗಳ. ಆ ಸುಖ ಎರಡೇ ವರ್ಷ.

ಮಾಳೇನಹಳ್ಳಿಯಿಂದ ಒಂದು ಹರಿದಾರಿ ದೂರದಲ್ಲಿ ಕುರಿ ಸಾಕುವವರ ಹಟ್ಟಿ ಇತ್ತು. ಇಪ್ಪತ್ತೆರಡು ಮನೆ. ಅದಕ್ಕೆ ಹೆಸರೇ ಇರಲಿಲ್ಲ. ಅವರು ‘ನಮ್ಮ ಹಟ್ಟಿ’ ಅನ್ನುತ್ತಿದ್ದರು, ಇವರು ‘ಆ ಹಟ್ಟಿ’ ಅನ್ನುತ್ತಿದ್ದರು. ಯಾರಿಗೂ ತೊಂದರೆ ಇರಲಿಲ್ಲ. ಆ ಹಟ್ಟಿಯ ಕ್ಯಾತಣ್ಣ ಮಗಳ ಮದುವೆಗೆ ನೀರು ಕಾಯಿಸಲು ಪಟೇಲರನ್ನು ಕೇಳಿ ನನ್ನನ್ನು ಎರವಲು ಪಡೆದ. ಗಾಡಿಯಲ್ಲಿ ಹೋದೆ. ಮದುವೆ ಮುಗಿಯಿತು. ವಾಪಸು ಹೋಗಬೇಕಿತ್ತು, ಹೋಗಲಿಲ್ಲ.

ಆ ಸೀಮೆಯಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಕಾಳಾದರೂ ಹಾಕಿ ಕೊಡಬೇಕು. ಕ್ಯಾತಣ್ಣನ ಹೆಂಡತಿ ಒಂದು ಹಿಡಿ ರಾಗಿ ತಂದು ನನ್ನೊಳಗೆ ಹಾಕಿದಳು. ಕ್ಯಾತಣ್ಣ ಬಗ್ಗಿ ನೋಡಿದ.

“ಇಷ್ಟು ದೊಡ್ಡ ಹಂಡೆಗೆ ಇಷ್ಟೇಯಾ? ಪಟೇಲರ ಮನೆ ಹೆಣ್ಮಕ್ಕಳು ನಗ್ತಾರೆ ಕಣೇ. ಸುಗ್ಗಿ ಆಗ್ಲಿ, ತುಂಬ್ಸೇ ಕೊಡಾನ.”

ಅಲ್ಲೇ ಎಲ್ಲ ಕೆಟ್ಟಿತು. ಪದ್ಧತಿ ಕೇಳಿದ್ದು ಒಂದು ಹಿಡಿ. ಅವನ ಜಂಬ ಕೇಳಿದ್ದು ಒಂದೂವರೆ ಮೂಟೆ.

ಸುಗ್ಗಿ ಆಯಿತು. ಮನೆಗೆ ನಾಲ್ಕು ಸೇರಿನಂತೆ ರಾಗಿ ಬಂತು. ಅರ್ಧ ತುಂಬುವಷ್ಟರಲ್ಲಿ ಒಂದು ಮನೆಯಲ್ಲಿ ಬಾಣಂತಿ, ಇನ್ನೊಂದು ಮನೆಯಲ್ಲಿ ತಿಥಿ. “ಸದ್ಯಕ್ಕೆ ಹಂಡೇಲಿ ತಗೊಳ್ರಿ, ಆಮೇಲೆ ಹಾಕಿದ್ರಾತು” ಎಂದರು. ಹೀಗೆ ತುಂಬುವುದು, ಬರಿದಾಗುವುದು. ಪರರ ಸೊತ್ತು ಒಂದೇ ಮನೆಯಲ್ಲಿ ಬೇರು ಬಿಡಬಾರದೆಂದು ಪ್ರತಿ ಯುಗಾದಿಗೆ ನನ್ನನ್ನು ಮುಂದಿನ ಮನೆಗೆ ಉರುಳಿಸುತ್ತಿದ್ದರು. ಆ ಮದುವೆ ಮುಗಿದ ಮೇಲೆ ಕೆಳಗೆ ಒಂದು ದಿನವೂ ಒಲೆ ಹಚ್ಚಲಿಲ್ಲ, ನಾನು ತಮ್ಮದಲ್ಲ ಎಂಬ ನಿಯತ್ತು. ಆ ನಿಯತ್ತಿಗೆ ನನ್ನ ಧಿಕ್ಕಾರ. ನೀರು ಕಾಯಿಸಲು ಹುಟ್ಟಿದ ಹಂಡೆ ನಾನು, ಬೆಂಕಿ ಕಾಣದೆ, ಒಂದು ಮೂಲೆಯೂ ನನ್ನದಾಗದೆ, ಇಪ್ಪತ್ತೆರಡು ಮನೆಗಳ ಇಲಿಗಳ ಪರಿಚಯ ಮಾಡಿಕೊಂಡೆ.

ಪಟೇಲರೂ ಕಡಿಮೆಯವರಲ್ಲ. ಕೊಟ್ಟದ್ದನ್ನು ಕೇಳಿಕೊಂಡು ಹೋಗುವುದು ತಮ್ಮ ಮನೆತನಕ್ಕೆ ಕಡಿಮೆ ಎಂದು ಕೂತರು. ಕಣದಲ್ಲಿ ಮಾತ್ರ ಆಡಿಕೊಂಡರು, “ನಮ್ಮ ಹಂಡೆಕಳ್ಳರು ಹೆಂಗವ್ರಪ್ಪ?” ಕೇಳಿದವರು ನಕ್ಕರು. ನಕ್ಕವರು ಆ ಮಾತನ್ನು ಮನೆಗೆ ಒಯ್ದರು. ಜನಗಣತಿಯವನು ಬಂದು ಮಾಳೇನಹಳ್ಳಿಯ ಕಟ್ಟೆಯಲ್ಲೇ ಕೂತು, “ಆ ಹಟ್ಟಿ ಹೆಸರೇನು?” ಎಂದು ಕೇಳಿದ. ಯಾರೋ ಹೇಳಿದರು, ಅವನು ಬರೆದುಕೊಂಡ. ಹಂಡೆಕಳ್ಳರಹಟ್ಟಿ. ಒಂದು ಹರಿದಾರಿ ನಡೆದು ಹಟ್ಟಿಯವರನ್ನೇ ಕೇಳಲು ಅವನ ಕಾಲಿಗೇನಾಗಿತ್ತು?

ಎಪ್ಪತ್ತು ವರ್ಷ ಹೀಗೇ ಹೋಯಿತು. ರೇಷನ್ ಕಾರ್ಡಿನಲ್ಲಿ ಕಳ್ಳರು, ಶಾಲೆಯ ಬೋರ್ಡಿನಲ್ಲಿ ಕಳ್ಳರು. ಬಸ್ಸಿನ ಕಂಡಕ್ಟರ್, “ಕಳ್ಳರೆಲ್ಲ ಇಳ್ಕಳ್ರಿ” ಎನ್ನುತ್ತಿದ್ದ. ಹಟ್ಟಿಯವರು ತಲೆ ತಗ್ಗಿಸಿ ಇಳಿಯುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಕುದಿಯುತ್ತಿದ್ದೆ, ಬೆಂಕಿಯಿಲ್ಲದೆ.

ಕೊನೆಗೆ ನಾನು ಚಿತ್ತಮ್ಮನ ಮನೆಗೆ ಬಂದೆ. ಕ್ಯಾತಣ್ಣನ ಮೊಮ್ಮಗನ ಹೆಂಡತಿ. ಅವಳ ಮಗಳು ಸಿರಿಮಣಿಗೆ ಹಿರಿಯೂರಿನ ಕಡೆಯ ಸಂಬಂಧ ಗೊತ್ತಾಗಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ದೊಡ್ಡಪ್ಪ ನನ್ನ ಪಕ್ಕದಲ್ಲೇ ಕೂತು ಕಾಫಿ ಕುಡಿದು ಹೇಳಿದ, “ಹುಡುಗಿ ಚಿನ್ನದಂಗವ್ಳೆ ತಾಯಿ. ಆದ್ರೆ ಲಗ್ನಪತ್ರಿಕೇಲಿ ಕಳ್ಳರಹಟ್ಟಿ ಅಂತ ಹಾಕ್ಸಾಕೆ ನಮ್ಮೋರು ಒಪ್ಪಲ್ಲ. ಯುಗಾದಿ ತಂಕ ಕಾಯ್ತೀವಿ. ಹೆಸರು ಬದ್ಲಾಗ್ಲಿಲ್ಲ ಅಂದ್ರೆ ಈ ಮಾತು ಇಲ್ಲಿಗೇ ಬಿಡಾನ.” ಹಿಂದೊಂದು ಸಂಬಂಧ ಇದೇ ಕಾರಣಕ್ಕೆ ಮುರಿದಿತ್ತು. ಒಳಗೆ ಸಿರಿಮಣಿ ರೊಟ್ಟಿ ತಟ್ಟುತ್ತಿದ್ದಳು, ಸದ್ದು ನಿಂತಿತು.

ಹಟ್ಟಿ ಮಾಳೇನಹಳ್ಳಿ ಪಂಚಾಯ್ತಿಗೆ ಸೇರಿದ್ದು, ಹೆಸರು ಬದಲಿಸಲು ಅಲ್ಲಿಯವರ ಒಪ್ಪಿಗೆ ಬೇಕೆಂದು ತಾಲೂಕು ಕಚೇರಿಯಲ್ಲಿ ಹೇಳಿದ್ದರು. ಮಾರನೇ ದಿನ ಚಿತ್ತಮ್ಮ ಹಟ್ಟಿಯ ಗಂಡಸರನ್ನು ಕರೆದಳು.

“ಹಂಡೆ ಎತ್ರಿ. ಕೊಟ್ಟು ಬರಾನ.”

“ಕಾಲು ಭಾಗನೂ ತುಂಬಿಲ್ಲ ಅತ್ತಿಗೆ,” ಎಂದ ಮೈದುನ ಜುಂಜಣ್ಣ. “ಇಷ್ಟು ವರ್ಷ ಇಟ್ಕಂಡು ಈಗ ಹೆಂಗ್ ಕೊಡಾದು? ಮಾನ ಹೋಗ್ತದೆ.”

“ಮಾನ ಎಲ್ಲೈತೆ ತೋರ್ಸು, ಜೋಪಾನ ಮಾಡ್ತೀನಿ.”

ಅವಳು ರಾಗಿಯನ್ನೆಲ್ಲ ಮನೆಮನೆಗೆ ಹಂಚಿದಳು. ಒಂದೇ ಹಿಡಿ ಉಳಿಸಿದಳು. ಎಪ್ಪತ್ತು ವರ್ಷಕ್ಕೆ ಒಬ್ಬರಿಗೆ ಬುದ್ಧಿ ಬಂತು.

ಟ್ರ್ಯಾಕ್ಟರಿನಲ್ಲಿ ನನ್ನನ್ನು ಮಾಳೇನಹಳ್ಳಿಗೆ ಒಯ್ದರು. ಪಟೇಲರ ಮೊಮ್ಮಗ ರುದ್ರಣ್ಣ ಜಗುಲಿಯಲ್ಲಿದ್ದ. ಬೀದಿಯ ಜನ ಸೇರಿದರು. ಅವನು ನನ್ನೊಳಗೆ ಇಣುಕಿ ನೋಡಿ ಮೀಸೆಯಲ್ಲಿ ನಕ್ಕ.

“ಏನವ್ವಾ, ಎಪ್ಪತ್ತು ವರ್ಷಕ್ಕೆ ಇಷ್ಟೇನಾ?”

“ನಿಮ್ಮಜ್ಜಾರು ಕೊಟ್ಟಾಗ ಖಾಲಿ ಇತ್ತಂತೆ. ಜಾಸ್ತಿನೇ ಐತಲ್ಲಣ್ಣ.”

ಜನ ನಕ್ಕರು. ಚಿತ್ತಮ್ಮ ನಗಲಿಲ್ಲ. “ಇದರ ತಳ ನೋಡಣ್ಣ. ಆ ಮದ್ವೆ ಆದ್ಮೇಲೆ ನಮ್ಮ ಮನೇಲಿ ಒಂದಿನ ಒಲೆ ಮೇಲೆ ಇಟ್ಟಿದ್ರೆ ಮಸಿ ಇರ್ತಿತ್ತು. ನಿಮ್ಮ ಬಚ್ಚಲ ಮಸೀನೂ ಉಜ್ಜಿ ತೆಗ್ದಿದ್ದೀವಿ. ಕದ್ದೋರು ಹಿಂಗೆ ಇಟ್ಕಂತಾರಾ?”

ನನ್ನನ್ನು ಬೋರಲು ಹಾಕಿದರು. ರಾಗಿ ಕಲ್ಲುಚಪ್ಪಡಿಯ ಮೇಲೆ ಚೆಲ್ಲಿತು. ರುದ್ರಣ್ಣ ತಳದ ಮೇಲೆ ಕೈಯಾಡಿಸಿದ. ಬೆರಳು ನೋಡಿಕೊಂಡ.

“ಹೆಸರು ನಾನಿಟ್ಟಿದ್ದಲ್ಲವ್ವಾ.”

“ಕರೆಯೋ ಬಾಯಿ ನಿಮ್ದೂ ಹೌದಲ್ಲ.”

ಅವನು ಬಗ್ಗಿ ರಾಗಿಯನ್ನು ಒಂದು ಕಾಳೂ ಬಿಡದೆ ಬಳಿದು ಪಂಚೆಯ ಚುಂಗಿಗೆ ತುಂಬಿಕೊಂಡ. ಆಮೇಲೆ ಚಿತ್ತಮ್ಮ ತಂದಿದ್ದ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದ. ಅವನು ಹಾಕಿದ ಮೇಲೆ ಊರೇ ಹಾಕಿತು.

ಕಚೇರಿಯಿಂದ ಹೊಸ ಹೆಸರಿನ ಆದೇಶ ಬಂತು. ಯುಗಾದಿಗೆ ಎಂಟು ದಿನ ಮುಂಚೆ ಚಿತ್ತಮ್ಮ ಮೊದಲ ಲಗ್ನಪತ್ರಿಕೆಯನ್ನು ಪಟೇಲರ ಮನೆಗೇ ತಂದಳು. ರುದ್ರಣ್ಣ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. ಸಿರಿಮಣಿಯ ಹೆಸರಿನ ಕೆಳಗೆ ಊರು: ಹಂಡೆಹಟ್ಟಿ.

“ಕಳ್ಳರನ್ನ ತೆಗ್ದು ಹಂಡೆ ಉಳಿಸ್ಕಂಡ್ರಲ್ಲವ್ವಾ?”

“ಶಾಂತಿನಗರ ಅಂತ ಇಡಾನ ಅಂದ ನಮ್ಮ ಜುಂಜಣ್ಣ. ನಮ್ಮ ಹಟ್ಟೀಲಿ ಶಾಂತಿ ಎಲ್ಲೈತೆ? ಹಸಿದಾಗ ಕೈಯಾಡಿಸಿದ್ದು ಹಂಡೆ ಒಳಗೆ. ಅದೇ ಇರ್ಲಿ ಅಂದ್ವಿ.”

ಅವಳು ಹೋಗುವಾಗ ನನ್ನ ಬಳೆ ಮುಟ್ಟಿ ಹೋದಳು.

ಈಗ ನಾನು ರುದ್ರಣ್ಣನ ಹಿತ್ತಿಲಲ್ಲಿದ್ದೇನೆ. ಅವರ ಬಚ್ಚಲಲ್ಲಿ ಕರೆಂಟಿನ ಗೀಸರ್ ಇದೆ, ನನಗೆ ಜಾಗವಿಲ್ಲ. ಮಳೆನೀರು ತುಂಬುತ್ತದೆ, ಕಾಗೆ ಕುಡಿಯುತ್ತದೆ. ಒಡೆಯನ ಮನೆ ಸೇರಿದ ಮೇಲೆ ನೆಮ್ಮದಿ ಸಿಗಬೇಕಿತ್ತು, ಸಿಗಲಿಲ್ಲ. ಯುಗಾದಿ ಹತ್ತಿರ ಬಂದರೆ ಯಾರಾದರೂ ಉರುಳಿಸಲು ಬರುತ್ತಾರೇನೋ ಎಂದು ಹಿತ್ತಿಲ ಬಾಗಿಲು ನೋಡುತ್ತೇನೆ. ಅವರ ನಿಯತ್ತನ್ನು ಧಿಕ್ಕರಿಸಿದ ನಾನೇ ಈಗ ಆ ಇಪ್ಪತ್ತೆರಡು ಮನೆಗಳನ್ನು ಸಾಲಾಗಿ ಎಣಿಸುತ್ತೇನೆ. ಕಳ್ಳತನದ ಮಾತು ನಡೆಯುತ್ತಿದ್ದಾಗ ನಾನು ಅಲ್ಲಿದ್ದೆ, ಹೆಸರಲ್ಲಿ ನನಗೆ ಗೌರವ ಬಂದಾಗ ಇಲ್ಲಿದ್ದೇನೆ. ನಾಳೆ ಯಾರೋ ಹೊಸಬರು ಬಸ್ಸಿಳಿದು, “ಹಂಡೆಹಟ್ಟಿ ಅಂತೀರಲ್ಲ, ಹಂಡೆ ಎಲ್ಲೈತೆ?” ಎಂದು ಕೇಳಿದರೆ, ಹಟ್ಟಿಯವರು ಮಾಳೇನಹಳ್ಳಿಯ ಕಡೆ ಕೈ ತೋರಿಸಬೇಕು.