ಕಿಟಕಿ ಪಕ್ಕದ ಮರ್ಯಾದೆ

"ಇಲ್ಲ ಬೀಗರೆ, ಕಿಟಕಿ ಪಕ್ಕ ನೀವೇ ಕೂತ್ಕೋಬೇಕು," ಎಂದು ಟೈಲರ್ ಮತ್ತೆ ಮತ್ತೆ ಒತ್ತಾಯ ಮಾಡಿದಾಗ ಹೆಡ್‌ಮಾಸ್ತರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಒಳಗೆ ಸರಿದು ಕೂತರು. ಗಂಡಿನ ಅಪ್ಪನಿಗೆ ಸಲ್ಲಬೇಕಾದ ಮರ್ಯಾದೆ ಸಂದಿತು ಎಂದು ಟೈಲರ್ ಸಮಾಧಾನದ ಉಸಿರು ಬಿಟ್ಟ.

ಕಾಣದ ದೇಶ, ಬಾರದ ಭಾಷೆ. ಬೆಟ್ಟದಾಚೆಯ ಊರಿನ ಆಸ್ಪತ್ರೆಯಲ್ಲಿ ಇವನ ಮಗಳೂ ಅವರ ಕಿರಿಯ ಮಗನೂ ನರ್ಸುಗಳು. ಭಾನುವಾರ ಇಬ್ಬರ ಮದುವೆ. ಹೆಂಗಸರು ಮುಂಚೆಯೇ ಹೋಗಿ ಸೇರಿಕೊಂಡಿದ್ದರು. ವಿಮಾನ ಇಳಿದ ಅಪ್ಪಂದಿರಿಗೆ ಸಿಕ್ಕಿದ್ದು ಈ ರಾತ್ರಿ ಬಸ್ಸು. ಸೀಟು ಹಿಂದಕ್ಕೆ ಬಾಗದು, ಮೊಣಕಾಲು ಮುಂದಿನ ಸೀಟಿಗೆ ತಾಗಿ ಉಜ್ಜುತ್ತದೆ, ಹೀಟರ್ ಅನ್ನುವುದು ಬರೀ ಪಾದ ಸುಟ್ಟು ಮಿಕ್ಕ ಮೈಯನ್ನು ಚಳಿಗೆ ಬಿಟ್ಟುಬಿಡುತ್ತದೆ. ಟೈಲರ್‌ಗೆ ಇದಾವುದೂ ದೊಡ್ಡದಲ್ಲ. ಅವನ ಚಿಂತೆಯೆಲ್ಲ ಬೀಗರದು. ಹಿರಿಯ ಮಗನಿಗೆ ನೋಡಿದ ಹೆಣ್ಣಿನ ಮನೆಯಲ್ಲಿ, ಮಹಡಿಯ ಮೇಲೆ ಊಟಕ್ಕೆ ಕೂರಿಸಿದರೆಂದು ಅರ್ಧ ಊಟದಲ್ಲೇ ಎದ್ದು ಬಂದವರು ಅವರು. ಆ ಸಂಬಂಧ ಅಲ್ಲಿಗೇ ಮುರಿದಿತ್ತು.

"ಅವರಿಗೆ ಮೂಗಿನ ತುದೀಲೇ ಕೋಪ," ಎಂದು ಹೆಂಡತಿ ಫೋನಿನಲ್ಲಿ ಎಚ್ಚರಿಸಿದ್ದಳು. "ಏನಾದ್ರೂ ಎಡವಟ್ಟು ಮಾಡಿದ್ರೋ, ಮಗಳಿಗೆ ನೀವೇ ಉತ್ತರ ಹೇಳ್ಬೇಕು."

ಬಸ್ಸು ಬೆಟ್ಟ ಹತ್ತತೊಡಗಿದ್ದೇ ಹೆಡ್‌ಮಾಸ್ತರು ಕಣ್ಣು ಮುಚ್ಚಿ, ತುಟಿ ಬಿಗಿದು, ಮುಂದಿನ ಸೀಟಿನ ಕಂಬಿ ಹಿಡಿದು ಕೂತರು. ಕೇಳಿದ್ದಕ್ಕೆಲ್ಲ ಒಂದೇ "ಹೂಂ". ಎಲ್ಲಿ ತಪ್ಪಿದೆನಪ್ಪಾ ಎಂದು ಟೈಲರ್ ತಾನಾಡಿದ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ. ಉಪಚಾರ ಇನ್ನಷ್ಟು ಹೆಚ್ಚಿಸುವುದೇ ಲೇಸೆಂದು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದ.

"ನೋಡಿ ಬೀಗರೆ, ಎಂಥ ಬೆಳದಿಂಗಳು. ಕಣಿವೆ ಎಷ್ಟು ಆಳ ಅಂತೀರಿ, ಕೆಳಗಿರೋ ಲಾರಿ ದೀಪ ಬೆಂಕಿಕಡ್ಡಿ ಥರ ಕಾಣ್ತಿದೆ."

"ನೋಡ್ದೆ," ಎಂದರು ಹೆಡ್‌ಮಾಸ್ತರು, ಕಣ್ಣು ಮುಚ್ಚಿಕೊಂಡೇ.

ಬನ್ನು ಕೊಟ್ಟರೆ ಬೇಡ, ನೀರು ಕೊಟ್ಟರೆ ಬೇಡ. ಮದುವೆ ಮುರಿದ ಸುದ್ದಿಯನ್ನು ಮಗಳಿಗೆ ಹೇಗೆ ಹೇಳುವುದೆಂದು ಟೈಲರ್ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ. ಅಷ್ಟರಲ್ಲಿ ತಾನೇ ಹೊಲಿದುಕೊಟ್ಟ ಬೀಗರ ಕೋಟಿನ ಮೇಲೆ ಅವನ ಕಣ್ಣು ಬಿತ್ತು. ಬಸ್ಸಿನಲ್ಲಿದ್ದವರೆಲ್ಲ ಕಂಬಳಿಯೊಳಗೆ ಮುದುಡಿದ್ದರೆ, ಇವರ ಕೋಟು ಕಂಕುಳಲ್ಲಿ ತೊಯ್ದು ಹೋಗಿತ್ತು. ಇದೆಂಥ ಕೋಪ ಎಂದು ಅವನು ಯೋಚಿಸುವಾಗಲೇ ಬಸ್ಸು ಒಂದು ತಿರುವಿನಲ್ಲಿ ವಾಲಿತು. ಹೆಡ್‌ಮಾಸ್ತರು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಬೀಗರೆ, ಯಾರಿಗೂ ಹೇಳ್ಬೇಡಿ. ನನಗೆ ಎತ್ತರ ಅಂದ್ರೆ ಜೀವ ಬಾಯಿಗೆ ಬರುತ್ತೆ. ವಿಮಾನದಲ್ಲೂ ನಿದ್ದೆ ಮಾತ್ರೆ ನುಂಗಿ ಬಂದೆ. ಮನೇಲಿ ಸ್ಟೂಲ್ ಹತ್ತಿ ಬಲ್ಬ್ ಹಾಕೋದೂ ನಮ್ಮವಳೇ."

"ಹಾಗಾದ್ರೆ ಆ ಮಹಡಿ ಊಟ?"

"ಮರ್ಯಾದೆ ಅಂತ ಕಂಬಿ ಪಕ್ಕಾನೇ ಕೂರಿಸಿದ್ರು. ಹೆದರಿ ಎದ್ದು ಓಡಿದೆ. ಜನ ಕೋಪ ಅಂದ್ರು. ಹೆದರಿಕೆಗಿಂತ ಕೋಪಾನೇ ವಾಸಿ ಅಂತ ಸುಮ್ನಾದೆ. ದೊಡ್ಡ ಮಗನಿಗೆ ಇವತ್ತಿಗೂ ನಿಜ ಹೇಳಿಲ್ಲ."

ಕೊನೆಯ ಮಾತಿಗೆ ಟೈಲರ್‌ಗೆ ಅಯ್ಯೋ ಅನ್ನಿಸಿತು. ಆದರೂ, ಇಷ್ಟು ಹೊತ್ತು ಪರದೆ ಸರಿಸಿ ಸರಿಸಿ ತಾನು ಮಾಡಿದ ಉಪಚಾರ ನೆನಪಾಗಿ ನಗು ತಡೆಯಲಾಗಲಿಲ್ಲ. ಹೆಡ್‌ಮಾಸ್ತರು ದುರುಗುಟ್ಟಿ ನೋಡಿದರು. ಮರುಗಳಿಗೆ ಅವರೂ ನಕ್ಕರು. ಮುಂದಿನ ಸೀಟಿನವರು ತಮ್ಮ ಭಾಷೆಯಲ್ಲಿ ಗದರಿದ್ದು ಇಬ್ಬರಿಗೂ ಚೆನ್ನಾಗಿಯೇ ಅರ್ಥವಾಯಿತು.

ಸೀಟು ಅದಲುಬದಲಾಯಿತು. ಬನ್ನನ್ನು ಹಂಚಿಕೊಂಡು ತಿಂದರು. ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ತರು ಟೈಲರ್‌ನ ಭುಜಕ್ಕೊರಗಿ ಗೊರಕೆ ಹೊಡೆಯತೊಡಗಿದರು. ಬೆಳಗಿನವರೆಗೂ ಅವನು ಭುಜ ಅಲುಗಿಸಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳಿಬ್ಬರೂ ಕಾದು ನಿಂತಿದ್ದರು.

"ಅಪ್ಪ, ಮಾವ, ನಿಮಗೊಂದು ಸಂಗತಿ ಹೇಳೇ ಇಲ್ಲ," ಎಂದಳು ಮಗಳು, ಹಿಗ್ಗು ತಡೆಯಲಾರದೆ. "ಮದುವೆ ಅಲ್ಲಿ, ಆ ಶಿಖರದ ಮೇಲೆ. ರೋಪ್‌ವೇಲಿ ಎಲ್ರೂ ಒಟ್ಟಿಗೆ ಹೋಗೋದು."

ತಂತಿಗೆ ಜೋತುಬಿದ್ದ ಪುಟ್ಟ ಡಬ್ಬಿಯೊಂದು ಮಂಜಿನೊಳಗೆ ತೇಲುತ್ತಿತ್ತು. ಹೆಡ್‌ಮಾಸ್ತರ ತುಟಿ ಬಿಗಿಯಿತು. ಅಪ್ಪನ ಮುಖ ನೋಡಿ ಮಗ ಪೆಚ್ಚಾದ. ಮಗಳ ನಗುವೂ ಅರ್ಧಕ್ಕೆ ನಿಂತಿತು.

"ನನ್ನ ಕೈಲಾಗಲ್ಲಮ್ಮ," ಎಂದ ಟೈಲರ್. "ನನಗೆ ಎತ್ತರ ಅಂದ್ರೆ ಭಯ."

"ನಿಮಗಾ? ಏಣಿ ಹತ್ತಿ ಅಂಗಡಿ ಬೋರ್ಡಿಗೆ ಬಣ್ಣ ಹೊಡೀತೀರಿ. ಯಾವಾಗಿಂದ ಭಯ?"

"ವಯಸ್ಸಾಯ್ತಲ್ಲಮ್ಮ. ರಾತ್ರಿ ಬಸ್ಸಲ್ಲಿ ಬೀಗರ ಕೈ ಹಿಡ್ಕೊಂಡೇ ಬಂದೆ. ಬೇಕಾದ್ರೆ ಅವರನ್ನೇ ಕೇಳು."

ಎಲ್ಲರೂ ಹೆಡ್‌ಮಾಸ್ತರ ಕಡೆ ನೋಡಿದರು. ಅವರು ತರಗತಿಯಲ್ಲಿ ನಿಂತಷ್ಟೇ ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು.

"ಹೌದು. ಪಾಪ, ತುಂಬಾ ಹೆದರಿದ್ರು. ಬೀಗರಿಗೆ ಆಗದ ಕಡೆ ಮದುವೆ ಬೇಡ. ಕೆಳಗೇ ಎಲ್ಲಾದ್ರೂ ನೋಡಿ."

ಮಗಳ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಅಪ್ಪನ ತೋಳಿಗೆ ಜೋತುಬಿದ್ದು, "ಆಸ್ಪತ್ರೆ ಹಿಂದೆ ಒಂದು ತೋಟ ಇದೆ ಬಿಡಿ, ಪೂರ್ತಿ ಸಮತಟ್ಟು," ಎಂದು ನಕ್ಕಳು.

ಹೆಡ್‌ಮಾಸ್ತರು ಬಗ್ಗಿ ಟೈಲರ್‌ನ ಪೆಟ್ಟಿಗೆಯನ್ನು ಎತ್ತಿಕೊಂಡರು. ಮಗ ಓಡಿಬಂದು ಕೈಚಾಚಿದ, ಕೊಡಲಿಲ್ಲ. ಇನ್ನೊಂದು ಕೈಯಲ್ಲಿ ಬೀಗನ ಮೊಣಕೈ ಹಿಡಿದು, "ನಿಧಾನ, ಮೆಟ್ಟಿಲಿದೆ," ಎನ್ನುತ್ತ ನಡೆಸಿಕೊಂಡು ಹೊರಟರು.