ಏನೂ ಗೊತ್ತಿಲ್ಲದವಳ ಪರೀಕ್ಷೆ

"ಇವಳಿಗೆ ಕಣ್ಣಿಲ್ಲ ಅಂತ ಗೊತ್ತಿತ್ತು ಕಣಮ್ಮ, ನಿನಗೆ ತಲೆ ಇದೆ ಅಂತ ನಮಗ್ಯಾರೂ ಹೇಳಿರಲಿಲ್ಲ," ಎಂದರು ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟರು.

ಅವರ ಮೇಜಿನ ಮುಂದೆ ಇಬ್ಬರು ನಿಂತಿದ್ದರು. ಬಿಳಿ ಕೋಲು ಹಿಡಿದವಳು ಕೊನೆಯ ವರ್ಷದ ಡಿಗ್ರಿ ವಿದ್ಯಾರ್ಥಿನಿ. ಕೋಲಿನ ಸದ್ದಿಗೆ ಕಾಲೇಜೆಲ್ಲ ಅವಳನ್ನು ಟಕಟಕ ಅಂತಲೇ ಕರೆಯುತ್ತಿತ್ತು. ಒದ್ದೆ ಕೈಯನ್ನು ಉಟ್ಟ ಬಟ್ಟೆಗೇ ಒರೆಸಿಕೊಳ್ಳುತ್ತಿದ್ದವಳು ಕಾಲೇಜು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು; ಹುಡುಗಿಗೆ ಅಕ್ಕ, ಉಳಿದವರಿಗೆಲ್ಲ 'ಏ ಪಾತ್ರೆ'.

ಅಕ್ಕ ಓದಿದ್ದು ಹತ್ತನೇ ಕ್ಲಾಸು. ಎರಡು ವರ್ಷದಿಂದ ಪರೀಕ್ಷೆಯಲ್ಲಿ ಹುಡುಗಿ ಹೇಳುವುದು, ಅಕ್ಕ ಬರೆಯುವುದು. ನಿಯಮವೂ ಹಾಗೇ ಇತ್ತು: ಕಣ್ಣು ಕಾಣದವರಿಗೆ ಬರೆದುಕೊಡುವವರು ಅವರಿಗಿಂತ ಕಡಿಮೆ ಓದಿರಬೇಕು, ಆ ವಿಷಯದ ಗಂಧಗಾಳಿಯೂ ಗೊತ್ತಿರಬಾರದು. ಎಲ್ಲ ಸಲೀಸಾಗಿಯೇ ನಡೆದಿತ್ತು. ಕಳೆದ ಸಲ ಹುಡುಗಿ ಇಡೀ ತರಗತಿಗೆ ಮೊದಲು ಬಂದುಬಿಟ್ಟಳು. ಎಡವಟ್ಟಾಗಿದ್ದೇ ಅಲ್ಲಿ.

"ಕುರುಡಿ ಫಸ್ಟ್ ಬರೋದು ಅಂದ್ರೇನು? ಬರೆಯೋಳ ಕೈವಾಡ ಇರಲೇಬೇಕು ಅಂತ ಮೇಷ್ಟ್ರುಗಳು ಕಂಪ್ಲೇಂಟ್ ಕೊಟ್ಟಿದ್ದಾರೆ."

"ಸಾರ್, ನಾನು ಓದಿದ್ದೆ," ಎಂದಳು ಹುಡುಗಿ.

"ಓದಿದ್ಯಾ? ಯಾವುದರಿಂದ ಓದಿದೆ ತಾಯಿ, ಮೂಗಿಂದಾನಾ?"

ಕಿಟಕಿ ಪಕ್ಕದ ಟೈಪಿಸ್ಟ್ ಹೆಂಗಸು ನಗಲಿಲ್ಲ. ಸೂಪರಿಂಟೆಂಡೆಂಟರು ತಾವೇ ನಕ್ಕು ಮುಗಿಸಿದರು.

ಓದಿ ಹೇಳಿದವಳು ಅಕ್ಕ. ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಕಿಟಕಿ ಕಂಬಿಗೆ ಪುಸ್ತಕ ಸಿಗಿಸಿಕೊಂಡು, ಕೈ ತಿಕ್ಕುತ್ತಿದ್ದರೆ ಬಾಯಿ ಓದುತ್ತಿತ್ತು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ ಹುಡುಗಿ, ಅಕ್ಕ "ಹೂಂ ಮಗಾ" ಅಂದಾಗ ಎದ್ದು ಪುಟ ತಿರುಗಿಸುತ್ತಿದ್ದಳು. ಒಂದೊಂದು ಪಾಠವೂ ಮೂರು ಸಲ. ಅದನ್ನು ಇಲ್ಲಿ ಬಾಯಿಬಿಟ್ಟರೆ ಮುಗಿಯಿತು.

"ನಾಡಿದ್ದು ಕಾರ್ಮಿಕ ಕಾನೂನು, ಕೊನೆ ಪೇಪರು," ಎಂದರು ಸೂಪರಿಂಟೆಂಡೆಂಟರು. "ಇವಳಿಗೆ ಆ ವಿಷಯ ಏನೂ ಗೊತ್ತಿಲ್ಲ ಅಂತ ಫೈಲಲ್ಲಿ ಸಾಕ್ಷಿ ಇರಬೇಕು. ಇಲ್ಲಾಂದ್ರೆ ಬೇರೆಯವರನ್ನ ಹುಡುಕ್ಕೋ."

"ನಾಡಿದ್ದರೊಳಗೆ ಎಲ್ಲಿ ಹುಡುಕ್ಲಿ ಸಾರ್? ಇದು ಹೋದ್ರೆ ವರ್ಷ ಹೋಗುತ್ತೆ. ವರ್ಷ ಹೋದ್ರೆ ಹಾಸ್ಟೆಲ್ಲೂ ಹೋಗುತ್ತೆ."

"ಅದಕ್ಕೇ ಟೆಸ್ಟ್ ಮಾಡ್ತಿರೋದು. ಇವಳು ಫೇಲಾದ್ರೆ ಪರ್ಮಿಷನ್. ಪಾಸಾದ್ರೆ ಇಬ್ರೂ ಮನೆಗೆ."

ಹೀಗೇನಾದರೂ ಕೇಳಬಹುದೆಂದು ಮೆಟ್ಟಿಲು ಹತ್ತುವಾಗಲೇ ಹುಡುಗಿ ಹೇಳಿಕೊಟ್ಟಿದ್ದಳು: "ಏನು ಕೇಳಿದ್ರೂ ತಪ್ಪು ಹೇಳಕ್ಕಾ."

"ತಪ್ಪು ಎಲ್ಲಿಂದ ತರ್ಲಿ ಮಗಾ, ಬಾಯಲ್ಲಿ ಸರಿಯಾದ್ದೇ ಬಂದು ಕೂತಿದೆಯಲ್ಲ?" ಎಂದಿದ್ದಳು ಅಕ್ಕ.

ಸೂಪರಿಂಟೆಂಡೆಂಟರು ಹಳೇ ಪ್ರಶ್ನೆಪತ್ರಿಕೆ ಬಿಡಿಸಿಕೊಂಡರು. "ಕೆಲಸದವರನ್ನ ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು?"

ಎಂಟು ಅನ್ನುವುದು ನಾಲಿಗೆ ತುದಿಗೆ ಬಂತು. ಅಕ್ಕ ಅದನ್ನು ನುಂಗಿಕೊಂಡಳು. ಬೇರೆ ಸಂಖ್ಯೆಗಾಗಿ ತಡಕಾಡುವ ಕಷ್ಟವೇನೂ ಆಗಲಿಲ್ಲ.

"ಹದಿನಾಲ್ಕು ಸಾರ್. ನಮ್ಮ ಕ್ಯಾಂಟೀನಲ್ಲಿ ಬೆಳಿಗ್ಗೆ ಐದಕ್ಕೆ ಬರಬೇಕು, ಸಂಜೆ ಏಳಕ್ಕೆ ಬಿಡ್ತಾರೆ."

"ತಪ್ಪು. ಟೈಪ್ ಮಾಡ್ಕೊಳ್ಳಮ್ಮ. ವಾರದ ರಜೆ ಅಂದ್ರೇನು?"

"ಭಾನುವಾರ ಕಾಲೇಜಿರಲ್ಲ ಸಾರ್. ಆವತ್ತು ನಾವು ಸಾಹುಕಾರರ ಮನೆ ತೊಳೀತೀವಿ."

"ತಪ್ಪು. ಹೆರಿಗೆಗೆ ಎಷ್ಟು ರಜೆ?"

"ಮೂರು ದಿನ."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮೂರು ದಿನ! ಕೋಳಿ ಮೊಟ್ಟೆ ಇಡುತ್ತಲ್ಲ, ಹಂಗಾ?"

"ನಾಲ್ಕನೇ ದಿನ ಬರದಿದ್ರೆ ಬೇರೆಯವಳನ್ನ ಇಟ್ಕೋತೀನಿ ಅಂದ್ರು ಸಾರ್. ಮಗೂನ ಈರುಳ್ಳಿ ಚೀಲದ ಮೇಲೆ ಮಲಗಿಸ್ಕೊಂಡು ತೊಳೆದೆ."

ಟೈಪಿಸ್ಟಳ ಬೆರಳು ನಿಂತಿತು. "ಅದನ್ನೂ ಹೊಡೀಲಾ ಸಾರ್?"

"ಎಲ್ಲಾ ಹೊಡಿ. ದಡ್ಡತನ ಎಷ್ಟಿದ್ರೆ ಫೈಲು ಅಷ್ಟು ಗಟ್ಟಿ. ಹಾಂ, ಕೊನೇದು. ಕೆಲಸದವರಿಗೆ ಅನ್ಯಾಯ ಆದ್ರೆ ಯಾರಿಗೆ ದೂರು ಕೊಡಬೇಕು?"

ಅಕ್ಕ ಗೋಡೆ ನೋಡಿದಳು. "ಗೊತ್ತಿಲ್ಲ ಸಾರ್."

ಆ ಮಧ್ಯಾಹ್ನ ಅವಳು ಹೇಳಿದ ಸುಳ್ಳು ಅದೊಂದೇ.

"ನಾಲ್ಕಕ್ಕೆ ಸೊನ್ನೆ," ಎಂದು ಸೂಪರಿಂಟೆಂಡೆಂಟರು ಕೈ ಉಜ್ಜಿಕೊಂಡರು. ಇನ್ನು ಅವಳನ್ನು ಕೆಲಸಕ್ಕಿಟ್ಟವರ ಸಹಿಯೊಂದು ಬಾಕಿ. ಕ್ಯಾಂಟೀನ್ ಸಾಹುಕಾರನಿಗೆ ಫೋನು ಹೋಯಿತು. ಅವನಿಗಿಂತ ಮೊದಲು ಅವನ ದನಿ ಮೆಟ್ಟಿಲು ಹತ್ತಿತು.

"ಎಲ್ಲಿ ಸತ್ತಿದ್ಯೇ ಮುಂಡೆ? ತಟ್ಟೆ ಗುಡ್ಡೆ ಬಿದ್ದಿದೆ, ನಿಮ್ಮಪ್ಪ ಬಂದು ತೊಳೀತಾನಾ?"

"ಕೂಗಾಡಬೇಡಿ ಸಾಹುಕಾರ್ರೆ," ಎಂದರು ಸೂಪರಿಂಟೆಂಡೆಂಟರು. "ಈಯಮ್ಮನಿಗೆ ಏನೂ ಗೊತ್ತಿಲ್ಲ ಅಂತ ಒಂದು ಸಹಿ ಹಾಕಿ, ಸಾಕು."

"ಅಷ್ಟೇ ತಾನೆ? ಆ ದಡ್ಡಮುಂಡೇದಕ್ಕೆ ಒಂದ್ಯಾಕೆ, ಹತ್ತು ಹಾಕ್ತೀನಿ."

'ಮೇಲಿನದನ್ನೆಲ್ಲ ಓದಿ ನೋಡಿದ್ದೇನೆ, ನಿಜವಿದೆ' ಎಂಬ ಸಾಲಿನ ಕೆಳಗೆ ಸಾಹುಕಾರ ನಿಂತಲ್ಲೇ ಸಹಿ ಎಳೆದ. ಜೇಬಿನಿಂದ ಕ್ಯಾಂಟೀನಿನ ಸೀಲು ತೆಗೆದು ಅದನ್ನೂ ಗುದ್ದಿದ. "ಐದು ನಿಮಿಷದಲ್ಲಿ ತೊಟ್ಟಿ ಹತ್ರ ಕಾಣದಿದ್ರೆ ನೋಡು, ಬೇವರ್ಸಿ," ಎಂದು ಇಳಿದು ಹೋದ.

ಪರ್ಮಿಷನ್ ಸಿಕ್ಕಿತು. ಬರೆಯುವವಳು, ಒಂದು ಗಂಟೆ ಹೆಚ್ಚು ಸಮಯ, ಕೆಳಗಿನ ಮಹಡಿಯಲ್ಲಿ ಬೇರೆ ಕೋಣೆ, ಎಲ್ಲದಕ್ಕೂ.

"ಆ ಟೆಸ್ಟಿಂದೂ ಒಂದು ಕಾಪಿ ಕೊಡಿ ಸಾರ್, ಪರೀಕ್ಷೆ ಹಾಲ್‌ನಲ್ಲಿ ಕೇಳಿದ್ರೆ ಬೇಕಾಗುತ್ತೆ," ಎಂದಳು ಹುಡುಗಿ.

"ಮಾಡಿ ಕೊಟ್ಟು ಕಳಿಸಮ್ಮ," ಎಂದು ಟೈಪಿಸ್ಟಳಿಗೆ ಹೇಳಿ ಸೂಪರಿಂಟೆಂಡೆಂಟರು ಊಟಕ್ಕೆ ಹೊರಟರು.

ಟೈಪಿಸ್ಟ್ ಜೆರಾಕ್ಸ್ ಮಷಿನ್ನಿಗೆ ಹಾಳೆ ಇಟ್ಟಳು. "ಒಂದೇ ತಾನೆ?"

"ಎರಡು," ಎಂದಳು ಅಕ್ಕ.

"ಎರಡ್ಯಾಕಕ್ಕಾ? ಪರೀಕ್ಷೆಗೆ ಒಂದು ಸಾಕು," ಎಂದಳು ಹುಡುಗಿ.

"ಇನ್ನೊಂದು ಲೇಬರ್ ಆಫೀಸಿಗೆ ಮಗಾ. ಪೋಸ್ಟಾಫೀಸಿನ ಮಹಡಿ ಮೇಲಿದೆ. ನಿನ್ನ ಪುಸ್ತಕದಲ್ಲಿ ವಿಳಾಸ ಇರಲಿಲ್ಲ, ಹೋದ ತಿಂಗಳು ನಾನೇ ಹುಡುಕ್ಕೊಂಡು ಹೋಗಿದ್ದೆ. ಬರೀ ಬಾಯಿಮಾತು ನಡೆಯಲ್ಲ, ಸಾಹುಕಾರನ ಸಹಿ ಇರೋ ಕಾಗದ ಏನಾದ್ರೂ ಇದ್ರೆ ತಗೊಂಡು ಬಾ ಅಂದು ಕಳಿಸಿದ್ರು."

ಹುಡುಗಿ ಅಕ್ಕನ ತೋಳು ಹುಡುಕಿ ಹಿಡಿದಳು. "ಕೆಲಸ ಹೋಗುತ್ತಲ್ಲಕ್ಕಾ."

"ಹೋಗುತ್ತೆ. ನಾಡಿದ್ದು ಮೊದಲು ನಿನ್ನ ಪೇಪರು ಬರೆದು ಮುಗಿಸೋಣ, ಆಮೇಲೆ ನನ್ನದು ಕೊಟ್ಟು ಬರ್ತೀನಿ."

ಟೈಪಿಸ್ಟ್ ಏನೂ ಕೇಳಿಸದವಳಂತೆ ಬಿಸಿ ಹಾಳೆಗಳೆರಡನ್ನೂ ಎತ್ತಿಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿ, ಸೂಪರಿಂಟೆಂಡೆಂಟರ ಮೇಜಿನ ಡ್ರಾಯರ್ ಎಳೆದು ಕಾಲೇಜಿನ ಗುಂಡು ಮೊಹರು ಹೊರತೆಗೆದಳು. ಎರಡರ ಮೇಲೂ ಒತ್ತಿದಳು.